ಕರೆಯದೆ ಬಂದ ನೆಂಟರು, ಕೊಂಡವರ ಹಕ್ಕು

ಹಣ ಕೊಟ್ಟು ಕೊಂಡ ಪೆಟ್ಟಿಗೆಯೊಳಗೆ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಹೊರಗೆ ಹಾಕಬೇಕು ಎಂದು ತೀರ್ಮಾನಿಸುವ ಹಕ್ಕು ಕೊಂಡವರದು, ಮಾರಿದವರದಲ್ಲ. ಸಂತೆಗೆ ಹೋಗಿ ಬರುವ ಮಕ್ಕಳಿಗೂ ತಿಳಿದಿರುವ ನ್ಯಾಯ ಇದು. ಆದರೆ ಇಂದು ಮನೆಮನೆಯಲ್ಲೂ ಇರುವ ಸ್ಮಾರ್ಟ್‌ಫೋನಿನ ವಿಷಯಕ್ಕೆ ಬಂದಾಗ ಈ ನ್ಯಾಯ ತಲೆಕೆಳಗಾಗುತ್ತದೆ. ಹತ್ತು ಹನ್ನೆರಡು ಸಾವಿರ ರೂಪಾಯಿ ತೆತ್ತು ತಂದ ಫೋನನ್ನು ತೆರೆದು ನೋಡಿದರೆ, ನಮಗಿಂತ ಮೊದಲೇ ಬಂದು ಒಳಗೆ ಕುಳಿತಿರುವ ಆ್ಯಪುಗಳ ದೊಡ್ಡ ಬಳಗವೇ ಕಾಣಸಿಗುತ್ತದೆ. ನಾವು ಕರೆದವರಲ್ಲ, ನಮಗೆ ಬೇಕಾದವರೂ ಅಲ್ಲ. ಹೋಗಿ ಎಂದರೆ ಹೋಗುವವರೂ ಅಲ್ಲ.

ಈ ಬಳಗದಲ್ಲಿ ಯಾರು ಯಾರಿದ್ದಾರೆ? ಎರಡು ಮೂರು ಆಟಗಳು, ಒಂದು ವ್ಯಾಪಾರದ ಅಂಗಡಿ, ಒಂದು ಸುದ್ದಿಯ ಆ್ಯಪು, ಒಂದು ವೀಡಿಯೊ ಆ್ಯಪು, ಗೂಗಲಿನ ಬ್ರೌಸರ್ ಇದ್ದರೂ ಫೋನು ಕಂಪೆನಿಯದೇ ಇನ್ನೊಂದು ಬ್ರೌಸರ್, ಪ್ಲೇ ಸ್ಟೋರ್ ಇದ್ದರೂ ಕಂಪೆನಿಯದೇ ಇನ್ನೊಂದು ಸ್ಟೋರ್. ಇವುಗಳಲ್ಲಿ ಕೆಲವನ್ನು ಅಳಿಸಬಹುದು. ಕೆಲವನ್ನು ಅಳಿಸಲಾಗದು, ನಿಷ್ಕ್ರಿಯಗೊಳಿಸಬಹುದು ಅಷ್ಟೆ. ಇನ್ನು ಕೆಲವಕ್ಕೆ ಆ ಗುಂಡಿಯೂ ಇರುವುದಿಲ್ಲ. ಫೋನಿನ ಮೂಲ ತಂತ್ರಾಂಶವಿರುವ ಭಾಗದಲ್ಲಿ ಇವನ್ನು ಕೂಡಿಸಿಟ್ಟಿರುವುದರಿಂದ, ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಆರಂಭಿಸಿದರೂ ಅವು ಮತ್ತೆ ಎದ್ದು ಬರುತ್ತವೆ. ಜಾಗ ತಿನ್ನುವುದು, ಬ್ಯಾಟರಿ ತಿನ್ನುವುದು ಸಣ್ಣ ಮಾತು. ಒಳಗೆ ಕುಳಿತವರು ಏನನ್ನು ನೋಡುತ್ತಾರೆ, ನೋಡಿದ್ದನ್ನು ಯಾರಿಗೆ ಹೇಳುತ್ತಾರೆ ಎಂಬುದೇ ದೊಡ್ಡ ಮಾತು.

ಇದನ್ನು ಬರೆಯುವಾಗ ನಮ್ಮ ಕಣ್ಣ ಮುಂದಿರುವುದು ಕಾಸರಗೋಡು ಮಾತ್ರವಲ್ಲ. ತೆಲಂಗಾಣದ ಗಡಿಯಲ್ಲಿರುವ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರುಗಳೂ ಹೌದು. ೧೯೫೬ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಕೊಟ್ಟಿತು. ಅದೇ ಕಾಯಿದೆ, ಅದೇ ನವೆಂಬರ ೧ರಂದು, ಬೀದರ ಜಿಲ್ಲೆಯ ಜಹೀರಾಬಾದ್ ತಾಲೂಕಿನ ಬಹುಭಾಗವನ್ನೂ ನಾರಾಯಣಖೇಡ ತಾಲೂಕನ್ನೂ ಗುಲ್ಬರ್ಗ ಜಿಲ್ಲೆಯ ತಾಂಡೂರು ತಾಲೂಕನ್ನೂ ಆಂಧ್ರಪ್ರದೇಶಕ್ಕೆ ಸೇರಿಸಿತು. ೨೦೧೪ರಿಂದ ಅವು ತೆಲಂಗಾಣದಲ್ಲಿವೆ. ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ಹೀಗೆ ಒಂದೇ ಕಾಯಿದೆಯಿಂದ ಗಡಿಯಾಚೆಗಾದ ಕನ್ನಡಿಗರು ನಾವು ಮತ್ತು ಅವರು. ನಮಗೆ ಮಲೆಯಾಳ ಹೇಗೋ ಅವರಿಗೆ ತೆಲುಗು ಹಾಗೆ. ಅಲ್ಲಿ ಅದರ ಜತೆಗೆ ನಿಜಾಮರ ಕಾಲದ ಉರ್ದುವೂ ಉಂಟು. ಅಜ್ಜ ಉರ್ದು ಓದಬಲ್ಲರು, ಮಗ ತೆಲುಗು ಓದಬಲ್ಲ, ಮೊಮ್ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ, ಮನೆಯೊಳಗಿನ ಮಾತು ಮಾತ್ರ ಕನ್ನಡ ಎಂಬಂಥ ಸಂಸಾರಗಳು ಆ ಸೀಮೆಯಲ್ಲಿ ಹೊಸತಲ್ಲ.

ಇಂಥ ಮನೆಗೆ ಒಂದು ಹೊಸ ಫೋನು ಬರುವ ಬಗೆಯನ್ನು ಯೋಚಿಸಿ ನೋಡೋಣ. ತಾಂಡೂರಿನ ಕಲ್ಲಿನ ಗಣಿಯ ಕೂಲಿಯೋ, ತೊಗರಿ ಬೆಳೆಯುವ ರೈತನೋ, ಜಹೀರಾಬಾದಿನ ಸಣ್ಣ ವ್ಯಾಪಾರಿಯೋ ಪೇಟೆಯ ಅಂಗಡಿಗೆ ಹೋಗುತ್ತಾರೆ. ಅಂಗಡಿಯ ಹುಡುಗ ಪೆಟ್ಟಿಗೆ ಒಡೆದು, ಸಿಮ್ ಹಾಕಿ, ಫೋನು ಕೇಳುವ ಪ್ರಶ್ನೆಗಳಿಗೆಲ್ಲ ತಾನೇ ಸರಸರನೆ 'ಒಪ್ಪಿದೆ, ಒಪ್ಪಿದೆ' ಎಂದು ಒತ್ತುತ್ತಾನೆ. ಅವನದು ತಪ್ಪೆನ್ನಲಾಗದು, ಹಿಂದೆ ಇನ್ನೂ ನಾಲ್ಕು ಗಿರಾಕಿಗಳು ಕಾಯುತ್ತಿರುತ್ತಾರೆ. ಕೊಂಡವರು ಕೈಚೀಲ ಹಿಡಿದು ನಿಂತಿರುತ್ತಾರೆ. ಕಾಸರಗೋಡಿನ ಪೇಟೆಯಲ್ಲೂ ನಡೆಯುವುದು ಇದೇ. ಹಾಗಾದರೆ ಒಪ್ಪಿಗೆ ಕೊಟ್ಟವರು ಯಾರು? ಕೊಂಡವರು ಓದಲಿಲ್ಲ, ಓದೋಣವೆಂದರೆ ಅದು ಅವರ ಭಾಷೆಯಲ್ಲಿರಲಿಲ್ಲ, ಒತ್ತಿದ ಬೆರಳೂ ಅವರದಾಗಿರಲಿಲ್ಲ. ಆದರೂ ಕಾಗದದ ಮೇಲೆ ಅದು ಅವರದೇ ಒಪ್ಪಿಗೆ. ಅನ್ಯರಿಂದ ಹೆಬ್ಬೆಟ್ಟು ಒತ್ತಿಸಿ ಜಮೀನು ಬರೆಸಿಕೊಂಡಂತೆ ಇದು ಎಂದರೆ ಅತಿಶಯೋಕ್ತಿಯಾಗದು.

ಒಪ್ಪಿಗೆಯ ಹಿಂದೆ ನಡೆಯುವುದೇನು ಎಂಬುದನ್ನು ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ೨೦೧೯ರಲ್ಲಿ ಸ್ಪೇನಿನ ಸಂಶೋಧಕರು ಅಮೆರಿಕದವರ ಜತೆ ಸೇರಿ ೨೧೪ ತಯಾರಕರ ೧,೭೦೦ಕ್ಕೂ ಹೆಚ್ಚು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಕೂಡಿಸಿಟ್ಟ ಆ್ಯಪುಗಳನ್ನು ಪರಿಶೀಲಿಸಿದರು. ಬಳಕೆದಾರರಿಗೆ ತಿಳಿಯದೆಯೇ ಮಾಹಿತಿ ಸಂಗ್ರಹಿಸುವ ಅವಕಾಶ ಅವುಗಳಲ್ಲಿ ಬಹಳಕ್ಕೆ ಇದೆಯೆಂದೂ, ತಯಾರಕರು, ಜಾಹೀರಾತಿನವರು, ಮೊಬೈಲ್ ಸೇವೆಯವರು ಎಲ್ಲರೂ ಕೂಡಿದ ಒಂದು ವ್ಯವಹಾರವೇ ಇದರ ಹಿಂದೆ ಇದೆಯೆಂದೂ ಅವರು ತೋರಿಸಿಕೊಟ್ಟರು. ೨೦೨೧ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಮತ್ತು ಎಡಿನ್‌ಬರೊ ವಿಶ್ವವಿದ್ಯಾಲಯದವರು ಸ್ಯಾಮ್‌ಸಂಗ್, ಶಿಯೋಮಿ, ಹುವಾವೆ, ರಿಯಲ್‌ಮಿ ಫೋನುಗಳನ್ನು ಪರೀಕ್ಷಿಸಿದಾಗ, ಯಾರೂ ಮುಟ್ಟದೆ ಸುಮ್ಮನೆ ಇಟ್ಟಿರುವಾಗಲೂ ಅವು ತಯಾರಕರಿಗೂ ಇತರ ಕಂಪೆನಿಗಳಿಗೂ ಮಾಹಿತಿ ಕಳುಹಿಸುತ್ತಿದ್ದುದು ಕಂಡುಬಂತು. ಗೋಡೆಗೂ ಕಿವಿಯುಂಟು ಎಂದು ಹಿರಿಯರು ಹೇಳುತ್ತಿದ್ದರು. ಈಗ ಆ ಗೋಡೆ ನಮ್ಮ ಅಂಗಿಯ ಜೇಬಿನಲ್ಲಿದೆ.

'ನಮ್ಮಂಥ ಬಡವರ ಗುಟ್ಟು ಯಾರಿಗೆ ಬೇಕು ಮಾಸ್ತರೇ?' ಎಂದು ಕೇಳುವವರಿದ್ದಾರೆ. ಬಡವರ ಗುಟ್ಟೇ ಎಲ್ಲರಿಗಿಂತ ಸುಲಭವಾಗಿ ಹಣವಾಗುತ್ತದೆ ಎಂಬುದಕ್ಕೆ ತೆಲಂಗಾಣವೇ ಸಾಕ್ಷಿ. ೨೦೨೦ರ ಡಿಸೆಂಬರದಲ್ಲಿ ಆ ರಾಜ್ಯದಲ್ಲಿ ದಿಢೀರ್ ಸಾಲದ ಆ್ಯಪುಗಳ ಕಾಟ ತಾಳಲಾರದೆ ಕೆಲವರು ಪ್ರಾಣ ಕಳೆದುಕೊಂಡರು. ಹೈದರಾಬಾದ್ ಮತ್ತು ಸೈಬರಾಬಾದ್ ಪೊಲೀಸರು ಸಾಲ ವಸೂಲಿಯ ಕಚೇರಿಗಳ ಮೇಲೆ ದಾಳಿ ನಡೆಸಿದರು. ಆ ಆ್ಯಪುಗಳು ಫೋನಿನೊಂದಿಗೆ ಬಂದವಲ್ಲ, ಜನರೇ ಹಾಕಿಕೊಂಡವು ಎಂಬುದು ನಿಜ. ಆದರೆ ಅವುಗಳ ಕೈಯಲ್ಲಿದ್ದ ಆಯುಧ ಯಾವುದು? ಸಾಲ ಕೊಡುವ ಮೊದಲು 'ಒಪ್ಪಿದೆ' ಎಂದು ಒತ್ತಿಸಿಕೊಂಡು ನಕಲು ಮಾಡಿಕೊಂಡ ಫೋನ್ ನಂಬರುಗಳ ಪಟ್ಟಿ ಮತ್ತು ಚಿತ್ರಗಳು. ಕಂತು ತಪ್ಪಿದೊಡನೆ ಸೋದರಮಾವನಿಗೆ, ಬೀಗರಿಗೆ, ಕೆಲಸ ಕೊಟ್ಟ ಧಣಿಗೆ ಫೋನು ಹೋಗುತ್ತಿತ್ತು. ಮರ್ಯಾದೆಗೆ ಅಂಜುವ ಮನುಷ್ಯನನ್ನು ಕೊಲ್ಲಲು ಬೇರೆ ಕತ್ತಿ ಬೇಡವಷ್ಟೆ. ಕೊನೆಗೆ ರಿಸರ್ವ್ ಬ್ಯಾಂಕು ೨೦೨೧ರ ಜನವರಿಯಲ್ಲಿ ಸಮಿತಿ ನೇಮಿಸಿ, ೨೦೨೨ರ ಸೆಪ್ಟೆಂಬರದಲ್ಲಿ ನಿಯಮ ಹೊರಡಿಸಿ, ಸಾಲದ ಆ್ಯಪುಗಳು ಫೋನ್ ನಂಬರುಗಳ ಪಟ್ಟಿಯನ್ನೂ ಕರೆಗಳ ವಿವರವನ್ನೂ ಫೈಲುಗಳನ್ನೂ ಮುಟ್ಟಬಾರದೆಂದು ಹೇಳಬೇಕಾಯಿತು. ಜೀವ ಹೋದ ಮೇಲೆ ಬಂದ ಮದ್ದು ಅದು. ಓದದೆ ಕೊಟ್ಟ ಒಪ್ಪಿಗೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಕಂಪೆನಿಗಳ ಪರವಾಗಿ ಹೇಳುವ ಮಾತೊಂದಿದೆ. ಈ ಆ್ಯಪುಗಳನ್ನು ಕೂಡಿಸಿಡಲು ಇತರರು ಕೊಡುವ ಹಣದಿಂದಲೇ ಫೋನು ಅಗ್ಗವಾಗುತ್ತದೆ, ಅದರ ಲಾಭ ಬಡವರಿಗೇ ಎಂಬುದು ಆ ವಾದ. ಇದರಲ್ಲಿ ಸತ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಫೋನು ಮಾರಾಟದಲ್ಲಿ ಶೇಕಡಾ ೫ಕ್ಕಿಂತ ಹೆಚ್ಚು ನಿವ್ವಳ ಲಾಭ ಇಟ್ಟುಕೊಳ್ಳುವುದಿಲ್ಲವೆಂದು ಶಿಯೋಮಿ ಕಂಪೆನಿ ೨೦೧೮ರಲ್ಲಿ ಬಹಿರಂಗವಾಗಿಯೇ ಸಾರಿತ್ತು. ಜಾಹೀರಾತು ಮತ್ತು ಅಂತರ್ಜಾಲ ಸೇವೆಗಳಿಂದ ಬರುವುದು ಬೇರೆಯೇ ಆದಾಯ. ಆದರೆ ರಿಯಾಯಿತಿ ಎಂದ ಮೇಲೆ ಅದರ ಷರತ್ತನ್ನು ಕೊಳ್ಳುವವರಿಗೆ ತಿಳಿಸಬೇಡವೇ? ಬಿಸ್ಕೀಟಿನ ಪೊಟ್ಟಣದ ಮೇಲೆ ಒಳಗಿರುವ ಪದಾರ್ಥಗಳ ಹೆಸರು ಬರೆಯುವುದು ಕಡ್ಡಾಯ. ಫೋನಿನ ಪೆಟ್ಟಿಗೆಯ ಮೇಲೆ ಒಳಗಿರುವ ಆ್ಯಪುಗಳ ಹೆಸರು ಏಕೆ ಬೇಡ? ಬಡವರ ಗುಟ್ಟನ್ನು ಅಡವಿಟ್ಟು ಬಡವರಿಗೆ ರಿಯಾಯಿತಿ ಕೊಡುವುದಾದರೆ, ಅಡವು ಪತ್ರವನ್ನು ಅವರಿಗೆ ಓದಿ ಹೇಳಬೇಕಾದದ್ದು ಕನಿಷ್ಠ ಧರ್ಮ.

ಕಂಪೆನಿಗಳ ಮಾತು ಹೀಗಾದರೆ ಸರಕಾರದ್ದೇನು? ೨೦೨೫ರ ನವೆಂಬರ ೨೮ರ ಆದೇಶವೊಂದರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು 'ಸಂಚಾರ್ ಸಾಥಿ' ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ೯೦ ದಿನಗಳೊಳಗೆ ಕೂಡಿಸಿಡಬೇಕೆಂದೂ, ಅದರ ಕಾರ್ಯಗಳನ್ನು ನಿಷ್ಕ್ರಿಯಗೊಳಿಸಲು ಎಡೆಯಿರಬಾರದೆಂದೂ ತಯಾರಕರಿಗೆ ಹೇಳಿತು. ಸುದ್ದಿ ಹೊರಬಿದ್ದೊಡನೆ ದೇಶದಲ್ಲೆಲ್ಲ ಆಕ್ಷೇಪ ಎದ್ದಿತು. ಬೇಡವಾದವರು ಅಳಿಸಬಹುದೆಂದು ಸಚಿವರು ಸಮಜಾಯಿಷಿ ನೀಡಿದರು. ಡಿಸೆಂಬರ ೩ರಂದು ಕಡ್ಡಾಯದ ಆದೇಶವನ್ನೇ ಹಿಂತೆಗೆದುಕೊಳ್ಳಲಾಯಿತು. ಆ ಆ್ಯಪು ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. ಕಳೆದುಹೋದ ಫೋನನ್ನು ತಡೆಹಿಡಿಯುವುದಕ್ಕೆ, ನಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ತೆಗೆದುಕೊಂಡಿದ್ದಾರೆಯೇ ಎಂದು ನೋಡುವುದಕ್ಕೆ ಅದು ಉಪಯುಕ್ತವೇ. ಬೇಕಾದವರು ಹಾಕಿಕೊಳ್ಳಲಿ. ಆದರೆ ಒಳ್ಳೆಯ ಮದ್ದನ್ನಾದರೂ ಬಾಯಿ ಒತ್ತಿ ಹಿಡಿದು ಕುಡಿಸುವುದು ಪ್ರಜಾಪ್ರಭುತ್ವದ ರೀತಿಯಲ್ಲ. ಖಾಸಗಿ ಕಂಪೆನಿಗಳಿಂದ ಜನರನ್ನು ಕಾಯಬೇಕಾದ ಸರಕಾರವೇ ಅವರ ದಾರಿ ಹಿಡಿದರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಐದೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋದದ್ದು ಜನರ ದನಿಗೆ ಇನ್ನೂ ಬೆಲೆಯಿದೆ ಎಂಬುದರ ಗುರುತು.

ನ್ಯಾಯದ ಕಟ್ಟೆಯಲ್ಲೂ ಈ ಪ್ರಶ್ನೆ ಬಂದುಹೋಗಿದೆ. ೨೦೨೨ರ ಅಕ್ಟೋಬರ ೨೦ರಂದು ಭಾರತ ಸ್ಪರ್ಧಾ ಆಯೋಗವು ಗೂಗಲ್ ಕಂಪೆನಿಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿದಾಗ, ಮೊದಲೇ ಕೂಡಿಸಿಟ್ಟ ತನ್ನ ಆ್ಯಪುಗಳನ್ನು ಬಳಕೆದಾರರು ಅಳಿಸುವುದಕ್ಕೆ ಅಡ್ಡಿ ಮಾಡಬಾರದೆಂದೂ ಅಪ್ಪಣೆ ಕೊಟ್ಟಿತ್ತು. ೨೦೨೩ರ ಮಾರ್ಚ್ ೨೯ರಂದು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತು. ಅಳಿಸುವ ಹಕ್ಕಿನ ಈ ಅಪ್ಪಣೆಯನ್ನು ಮಾತ್ರ ಬೇರೆ ಮೂರರ ಜತೆಗೆ ತೆಗೆದುಹಾಕಿತು. ದಂಡ ಸರಕಾರದ ಬೊಕ್ಕಸಕ್ಕೆ. ಜನರ ಕೈಗೆ ಬರಬೇಕಾಗಿದ್ದದ್ದು ಬರಲಿಲ್ಲ. ದಕ್ಷಿಣ ಕೊರಿಯವಾದರೋ ೨೦೧೪ರಲ್ಲಿಯೇ, ಫೋನು ನಡೆಯಲು ಅಗತ್ಯವಲ್ಲದ ಆ್ಯಪುಗಳನ್ನು ಅಳಿಸಲು ಅವಕಾಶವಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಯುರೋಪಿನ ಒಕ್ಕೂಟದಲ್ಲಿ ೨೦೨೪ರ ಮಾರ್ಚಿನಿಂದ ದೊಡ್ಡ ಕಂಪೆನಿಗಳ ಮೇಲೆ ಇಂಥದೇ ಕಾನೂನು ಜಾರಿಯಲ್ಲಿದೆ. ಸೋಲ್ ಪಟ್ಟಣದವರಿಗೆ, ಪ್ಯಾರಿಸಿನವರಿಗೆ ಸಾಧ್ಯವಾದದ್ದು ನಾರಾಯಣಖೇಡದವರಿಗೆ ಏಕೆ ಅಸಾಧ್ಯ?

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ ಎಂದರೆ, ಅರ್ಧ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ್ದು ೨೦೧೭ರ ಆಗಸ್ಟ್ ೨೪ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ತೀರ್ಪಿನ ಬೆನ್ನಿಗೆ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ೨೦೨೫ರ ನವೆಂಬರದಲ್ಲಿ ಅದರ ನಿಯಮಗಳು ಪ್ರಕಟವಾದವು. ಕಂಪೆನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ೧೮ ತಿಂಗಳ ಗಡು. ಈ ಕಾಯಿದೆಯಲ್ಲಿ ಗಡಿನಾಡಿನ ನಾವು ಅಡಿಗೆರೆ ಎಳೆದು ಇಟ್ಟುಕೊಳ್ಳಬೇಕಾದ ಮಾತೊಂದಿದೆ: ಮಾಹಿತಿ ಪಡೆಯುವವರು ಕೊಡುವ ತಿಳಿವಳಿಕೆ ಪತ್ರವನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗಿರಬೇಕು. ಆ ೨೨ ಭಾಷೆಗಳಲ್ಲಿ ಕನ್ನಡವೂ ಒಂದು. ಇಲ್ಲಿ ರಾಜ್ಯದ ಗಡಿಯ ಮಾತೇ ಇಲ್ಲ. ತೆಲಂಗಾಣದಲ್ಲಿದ್ದೀರಿ ತೆಲುಗಿನಲ್ಲಿ ಓದಿ, ಕೇರಳದಲ್ಲಿದ್ದೀರಿ ಮಲೆಯಾಳದಲ್ಲಿ ಓದಿ ಎಂದು ಯಾರೂ ಹೇಳುವಂತಿಲ್ಲ. ಜಹೀರಾಬಾದಿನ ಕನ್ನಡಿಗನಿಗೂ ಮಂಜೇಶ್ವರದ ಕನ್ನಡಿಗನಿಗೂ ಬೆಂಗಳೂರಿನವನಿಗಿರುವಷ್ಟೇ ಹಕ್ಕು ಇಲ್ಲಿದೆ.

ಅದೇ ಕಾಯಿದೆ ಒಪ್ಪಿಗೆ ಹೇಗಿರಬೇಕೆಂಬುದನ್ನೂ ಹೇಳುತ್ತದೆ. ಅದು ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಆ ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟಕ್ಕೇ ಸೀಮಿತವಾಗಿರಬೇಕು. ವೈದ್ಯಕೀಯ ಸಲಹೆಯ ಆ್ಯಪೊಂದು ಫೋನ್ ನಂಬರುಗಳ ಪಟ್ಟಿಯನ್ನೂ ಕೇಳಿ, ಬಳಕೆದಾರರು ಹೂಂ ಎಂದರೂ ಆ ಹೂಂ ವೈದ್ಯಕೀಯ ಸಲಹೆಗೆ ಮಾತ್ರ ಸಲ್ಲುತ್ತದೆ ಎಂಬ ಉದಾಹರಣೆಯನ್ನು ಕಾಯಿದೆಯೇ ಕೊಟ್ಟಿದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕೆಂದೂ ಅದರಲ್ಲಿದೆ. ಅಳಿಸಲಾಗದ ಆ್ಯಪಿನಿಂದ ಒಪ್ಪಿಗೆ ಹಿಂತೆಗೆದುಕೊಳ್ಳುವುದು ಹೇಗೆ? ಮನೆಯಿಂದ ಹೊರಡದ ನೆಂಟನಿಗೆ 'ನಿಮಗೆ ಊಟವಿಲ್ಲ' ಎಂದಷ್ಟೇ ಹೇಳಿದಂತಾಗುತ್ತದೆ. ಆದುದರಿಂದಲೇ ಕಾನೂನು ಅರ್ಧ ಎಂದೆವು. ಅಳಿಸುವ ಹಕ್ಕು ಸೇರಿದರೆ ಮಾತ್ರ ಅದು ಪೂರ್ಣವಾಗುತ್ತದೆ.

ಕಾನೂನು ಪೂರ್ಣವಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅರ್ಧ ಗಂಟೆಯ ಬಿಡುವಿದ್ದರೆ ಯಾರೂ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಮೊದಲನೆಯದಾಗಿ, ಸೆಟ್ಟಿಂಗಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಓದಲು ಬಂದರೆ ಅರ್ಧ ಭಯ ಹೋಯಿತು. ಮಾರಾಟವಾಗುವ ಫೋನುಗಳಲ್ಲಿ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳ ಬರಹ ಓದಲು ಬರಬೇಕೆಂದು ೨೦೧೬ರಲ್ಲಿ ಹೊರಟ ಸರಕಾರಿ ಆದೇಶವೇ ಇದೆ. ಎರಡನೆಯದಾಗಿ, ಸೆಟ್ಟಿಂಗಿನಲ್ಲಿ ಆ್ಯಪುಗಳ ಪಟ್ಟಿ ತೆರೆದು ಒಂದೊಂದನ್ನೇ ನೋಡಿ, ಆರು ತಿಂಗಳಲ್ಲಿ ಒಮ್ಮೆಯೂ ಮುಟ್ಟದಿರುವುದನ್ನು ಅಳಿಸಿ. ಅಳಿಸುವ ಗುಂಡಿ ಇಲ್ಲದಿದ್ದರೆ 'ನಿಷ್ಕ್ರಿಯಗೊಳಿಸಿ' ಎಂಬುದನ್ನು ಒತ್ತಿ. ಅದು ಜಾಗ ಪೂರ್ತಿ ಬಿಡದಿದ್ದರೂ ಓಡುವುದನ್ನು ನಿಲ್ಲಿಸುತ್ತದೆ. ಮೂರನೆಯದಾಗಿ, ಆ ಗುಂಡಿಯೂ ಇಲ್ಲದವುಗಳ 'ಅನುಮತಿಗಳು' ತೆರೆದು ಕ್ಯಾಮೆರಾ, ಮೈಕ್, ಸ್ಥಳ, ಸಂಪರ್ಕಗಳು, ಎಸ್ಸೆಮ್ಮೆಸ್ ಇವುಗಳಲ್ಲಿ ಅಗತ್ಯವಿಲ್ಲದ್ದನ್ನು ನಿರಾಕರಿಸಿ. ಟಾರ್ಚಿನ ಆ್ಯಪಿಗೆ ನಿಮ್ಮ ಬಂಧುಗಳ ನಂಬರು ಬೇಕಾಗಿಲ್ಲ. ಬ್ಯಾಂಕಿನ ಗುಪ್ತಸಂಖ್ಯೆ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಅದನ್ನು ಓದುವ ಅನುಮತಿ ಯಾರಿಗಿದೆಯೆಂಬುದನ್ನು ವಿಶೇಷವಾಗಿ ನೋಡಿ. ನಾಲ್ಕನೆಯದಾಗಿ, ಗೂಗಲ್ ವಿಭಾಗದಲ್ಲಿ ಜಾಹೀರಾತು ಎಂಬಲ್ಲಿ 'ಜಾಹೀರಾತು ಐಡಿ ಅಳಿಸಿ' ಎಂಬುದು ಈಚಿನ ಫೋನುಗಳಲ್ಲಿ ಸಿಗುತ್ತದೆ. ಅದನ್ನು ಅಳಿಸಿದರೆ ಆ ಗುರುತನ್ನು ಹಿಡಿದು ನಿಮ್ಮ ಬೆನ್ನಟ್ಟುವುದು ಜಾಹೀರಾತಿನವರಿಗೆ ಸಾಧ್ಯವಾಗುವುದಿಲ್ಲ.

ಉತ್ಸಾಹದಲ್ಲಿ ಮಾಡಬಾರದ್ದೂ ಇದೆ. ಕರೆ ಮಾಡುವ ಆ್ಯಪು, ಸಂದೇಶದ ಆ್ಯಪು, ಕೀಲಿಮಣೆ, ಪ್ಲೇ ಸೇವೆಗಳು, ಹೆಸರು ತಿಳಿಯದ ತಾಂತ್ರಿಕ ಭಾಗಗಳು, ಇವುಗಳಿಗೆ ಕೈಹಾಕಬಾರದು. ಕಂಪ್ಯೂಟರಿಗೆ ತಂತಿ ಜೋಡಿಸಿ ಆಜ್ಞೆ ಕೊಟ್ಟು ಒಳಗಿನ ಆ್ಯಪುಗಳನ್ನು ತೆಗೆಯುವ ಉಪಾಯವೂ ಉಂಟು. ಬಲ್ಲವರು ಮಾಡಿದರೆ ಅದು ಒಳ್ಳೆಯದೇ, ಅರೆಬಲ್ಲವರು ಮಾಡಿದರೆ ಫೋನೇ ಏಳದಿರಬಹುದು. ಹಾಗೆಯೇ 'ಬೇಡದ ಆ್ಯಪು ತೆಗೆದು ಫೋನು ಶುದ್ಧ ಮಾಡುತ್ತೇವೆ' ಎಂದು ಬೀಗುವ ಹೊಸ ಹೊಸ ಆ್ಯಪುಗಳನ್ನು ಹಾಕಿಕೊಳ್ಳುವುದು, ಇಲಿ ಹಿಡಿಯಲು ಹಾವು ಸಾಕಿದಂತೆ.

ಇಷ್ಟನ್ನೂ ಜನರಿಗೆ ಹೇಳುವವರು ಯಾರು? ೨೦೨೫ರ ಆಗಸ್ಟಿನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಅದು ಸಂತೋಷದ ವಿಷಯ. ಆದರೆ ತೆರೆಯುವುದನ್ನು, ಕಳುಹಿಸುವುದನ್ನು ಕಲಿಸಿದರೆ ಸಾಲದು. ಮುಚ್ಚುವುದನ್ನು, ಬೇಡವೆನ್ನುವುದನ್ನು ಕಲಿಸಿದಾಗಲೇ ಸಾಕ್ಷರತೆ ಪೂರ್ಣವಾಗುವುದು. ಅದನ್ನು ಆಯಾ ಜನರ ಮಾತಿನಲ್ಲಿ ಕಲಿಸಬೇಕು. ಹಳ್ಳಿಯವರಿಗೆ ಇದೆಲ್ಲ ತಿಳಿಯದು ಎಂಬ ಸಬೂಬು ಬೇಡ. ಜಹೀರಾಬಾದಿನ ಸಮೀಪದ ಮಾಚ್ನೂರಿನಲ್ಲಿ ೨೦೦೮ರಲ್ಲಿ ದಲಿತ ರೈತ ಮಹಿಳೆಯರೇ ಸೇರಿ 'ಸಂಘಂ ರೇಡಿಯೊ' ಆರಂಭಿಸಿ, ಯಂತ್ರಗಳನ್ನು ತಾವೇ ನಡೆಸಿ ತೋರಿಸಿದರು. ರೇಡಿಯೊ ನಿಲಯವನ್ನೇ ನಡೆಸಬಲ್ಲ ಸೀಮೆಯ ಜನಕ್ಕೆ ಫೋನಿನ ಒಂದು ಗುಂಡಿ ಹೆಚ್ಚಿನದೇನಲ್ಲ. ಬೇಕಾದದ್ದು ಹೇಳಿಕೊಡುವ ಮನಸ್ಸು. ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರು, ಗ್ರಂಥಾಲಯದವರು, ಯುವಕ ಮಂಡಲದವರು ತಿಂಗಳಿಗೊಂದು ಭಾನುವಾರ ಒಂದೆಡೆ ಕುಳಿತು ಊರವರ ಫೋನುಗಳನ್ನು ಅವರ ಕೈಯಿಂದಲೇ, ಅವರ ಎದುರಿನಲ್ಲೇ ಸ್ವಚ್ಛ ಮಾಡಿಸಬಹುದು. ಒತ್ತುವ ಬೆರಳು ಮಾತ್ರ ಫೋನಿನ ಒಡೆಯರದ್ದೇ ಆಗಿರಬೇಕು. ಇಲ್ಲವಾದರೆ ಅಂಗಡಿಯ ಹುಡುಗನಿಗೂ ನಮಗೂ ಏನು ವ್ಯತ್ಯಾಸ?

ಸರಕಾರದಿಂದ ನಾವು ಕೇಳುವುದು ಮೂರು. ಫೋನು ನಡೆಯಲು ಅಗತ್ಯವಾದ ಕೆಲವನ್ನು ಬಿಟ್ಟು ಉಳಿದ ಯಾವುದೇ ಆ್ಯಪನ್ನು, ಅದು ಕಂಪೆನಿಯದಿರಲಿ ಸರಕಾರದ್ದಿರಲಿ, ಅಳಿಸುವ ಹಕ್ಕು ಕಾನೂನಿನಲ್ಲಿ ಸೇರಬೇಕು. ಒಳಗಿರುವ ಆ್ಯಪುಗಳ ಪಟ್ಟಿ ಪೆಟ್ಟಿಗೆಯ ಮೇಲೆ ಇರಬೇಕು. ಫೋನು ಮೊದಲ ಬಾರಿ ತೆರೆಯುವಾಗ ಕೇಳುವ ಒಪ್ಪಿಗೆ ಕೊಂಡವರ ಭಾಷೆಯಲ್ಲಿರಬೇಕು, ಮತ್ತು ಆ ಭಾಷೆ ಯಾವುದೆಂದು ಅವರೇ ಹೇಳಬೇಕು, ಅವರು ನಿಂತಿರುವ ರಾಜ್ಯವಲ್ಲ. ಕಂಪೆನಿಗಳಿಗೆ ಕೊಟ್ಟಿರುವ ೧೮ ತಿಂಗಳ ಗಡು ೨೦೨೭ರ ಮೇ ತಿಂಗಳ ಹೊತ್ತಿಗೆ ಮುಗಿಯಲಿದೆ. ಅಷ್ಟರೊಳಗೆ ಕಾಸರಗೋಡಿನ ಕನ್ನಡ ಸಂಘಟನೆಗಳೂ ತೆಲಂಗಾಣದ ಗಡಿ ಕನ್ನಡಿಗರೂ ಒಂದಾಗಿ, ಕನ್ನಡದಲ್ಲೇ ತಿಳಿವಳಿಕೆ ಪತ್ರ ಬೇಕೆಂದು ಕೇಂದ್ರಕ್ಕೂ ಕಂಪೆನಿಗಳಿಗೂ ಬರೆಯಬೇಕು. ಕೇಳದವರಿಗೆ ತಾಯಿಯೂ ಹಾಲೂಡುವುದಿಲ್ಲ. ೧೯೫೬ರಲ್ಲಿ ನಮ್ಮ ಊರುಗಳು ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು ಮೇಲಿನವರು ತೀರ್ಮಾನಿಸಿದರು. ನಮ್ಮ ಜೇಬಿನೊಳಗೆ ಯಾರಿರಬೇಕೆಂಬುದನ್ನಾದರೂ ನಾವು ತೀರ್ಮಾನಿಸೋಣ.